ನೋವು ಹೇಳದ ಹುಣ್ಣು: ಸಕ್ಕರೆ ಕಾಯಿಲೆಯ ಕಾಲಿನ ಹುಣ್ಣಿರುವವರು ಚಿಕಿತ್ಸೆ ಪಾಲಿಸುವಂತೆ ಮಾತಿನ ಮೂಲಕ ನೆರವಾಗುವುದು ಹೇಗೆ?

ಡ್ರೆಸ್ಸಿಂಗ್ ಕೊಠಡಿಯಲ್ಲಿ ಕೆಲಸ ಮಾಡುವವರಿಗೆ ಬ್ಯಾಂಡೇಜೇ ಅರ್ಧ ಕಥೆ ಹೇಳಿಬಿಡುತ್ತದೆ. ಮೊನ್ನೆ ಬೆಳ್ಳಗೆ ಕಟ್ಟಿ ಕಳಿಸಿದ್ದು ಇವತ್ತು ಅಂಗಾಲಿನ ಕಡೆ ಕೆಮ್ಮಣ್ಣು ಹಿಡಿದು, ಹೆಬ್ಬೆರಳಿನ ಬುಡದಲ್ಲಿ ಸವೆದು, ಅಂಚಿನಲ್ಲಿ ಒಂದೆರಡು ಒಣಹುಲ್ಲಿನ ಚೂರು ಸಿಕ್ಕಿಸಿಕೊಂಡು ಬಂದಿರುತ್ತದೆ. “ನಡೆದೇ ಇಲ್ಲ ಸಿಸ್ಟರ್, ಮಂಚ ಬಿಟ್ಟು ಇಳಿದಿಲ್ಲ” ಎನ್ನುತ್ತಾರೆ ರೋಗಿ. ಕೆಲವು ವರ್ಷಗಳ ಹಿಂದೆ ಇಂಥದ್ದೇ ಬ್ಯಾಂಡೇಜು ಬಿಚ್ಚುತ್ತಾ, 58 ವರ್ಷದ ರೈತರೊಬ್ಬರನ್ನು ಸಾಲಿನಲ್ಲಿ ಕಾದಿದ್ದ ಎಲ್ಲರೆದುರಿಗೆ ನಾನು ಗದರಿದೆ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡು, ಕೈಮುಗಿದು ಹೋದರು. ಆಮೇಲೆ ಮೂರು ವಾರ ಬರಲಿಲ್ಲ. ಬಂದಾಗ ಹೆಬ್ಬೆರಳು ಕಪ್ಪಾಗಿತ್ತು. ಇಷ್ಟು ದಿನ ಯಾಕೆ ಬರಲಿಲ್ಲ ಎಂದು ಕೇಳಿದ್ದಕ್ಕೆ ಅವರ ಹೆಂಡತಿ, “ನೀವು ಮತ್ತೆ ಬೈತೀರಿ ಅಂತ ಹೆದರಿಕೊಂಡುಬಿಟ್ರು ಕಣಮ್ಮ” ಎಂದರು. ಬೆರಳನ್ನು ಉಳಿಸಿಕೊಳ್ಳಲು ಆಗಲಿಲ್ಲ.

ಆ ದಿನದಿಂದ ಈಚೆಗೆ ನಾನು ಮಾತಾಡುವ ರೀತಿಯನ್ನು ಒಂದೊಂದಾಗಿ ಬದಲಿಸಿಕೊಂಡು ಬಂದಿದ್ದೇನೆ. ಶುಶ್ರೂಷಕಿಯರು, ಆಶಾ ಕಾರ್ಯಕರ್ತೆಯರು, ಎನ್‌ಸಿಡಿ (ಸಕ್ಕರೆ ಕಾಯಿಲೆ, ಬಿಪಿಯಂಥ ಸಾಂಕ್ರಾಮಿಕವಲ್ಲದ ಕಾಯಿಲೆಗಳ) ಕ್ಲಿನಿಕ್ಕಿನ ಆಪ್ತಸಮಾಲೋಚಕರು ಮತ್ತು ಮನೆಯಲ್ಲಿ ಇಂಥ ರೋಗಿಯನ್ನು ನೋಡಿಕೊಳ್ಳುತ್ತಿರುವ ಮಕ್ಕಳು, ಸೊಸೆಯಂದಿರು ಇದನ್ನು ಓದಲಿ ಎಂಬ ಆಸೆಯಿಂದ ಬರೆಯುತ್ತಿದ್ದೇನೆ. ಯಾವ ಔಷಧ, ಯಾವ ಡ್ರೆಸ್ಸಿಂಗ್ ಎಂಬುದು ವೈದ್ಯರ ತೀರ್ಮಾನ. ಅವರು ಹೇಳಿದ್ದು ರೋಗಿಯ ಮನೆಯಲ್ಲಿ ನಡೆಯುವಂತೆ ನೋಡಿಕೊಳ್ಳುವುದು ಹೇಗೆ ಎಂಬುದಷ್ಟೇ ಇಲ್ಲಿನ ವಿಷಯ.

ಮೊದಲು ಇದು ಗೊತ್ತಿರಲಿ: ಹೇಳಿದ್ದನ್ನು ಅವರು ಯಾಕೆ ಪಾಲಿಸುವುದಿಲ್ಲ?

ನಮ್ಮ ಕಾಲಿಗೆ ಮುಳ್ಳು ಚುಚ್ಚಿದರೆ ಯಾರೂ ನಮಗೆ “ಆ ಕಾಲು ಊರಬೇಡ” ಎಂದು ಹೇಳಬೇಕಾಗಿಲ್ಲ. ನೋವೇ ನಮ್ಮನ್ನು ಕುಂಟಿಸುತ್ತದೆ. ವರ್ಷಗಟ್ಟಲೆ ಸಕ್ಕರೆ ಅಂಶ ಹೆಚ್ಚಿದ್ದು ನರಗಳು ಸೊರಗಿದವರಿಗೆ ಈ ಕಾವಲು ಇರುವುದಿಲ್ಲ. ಅಂಗಾಲಿನಲ್ಲಿ ರೂಪಾಯಿ ಅಗಲದ ಹುಣ್ಣಿದ್ದರೂ ಅವರು ಸಲೀಸಾಗಿ ನಡೆಯಬಲ್ಲರು, ನಡೆದಷ್ಟೂ ಹುಣ್ಣಿನ ತಳ ಜಜ್ಜಿಹೋಗುತ್ತದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಕುಷ್ಠರೋಗಿಗಳ ನಡುವೆ ಕೆಲಸ ಮಾಡಿದ ಶಸ್ತ್ರವೈದ್ಯ ಪಾಲ್ ಬ್ರಾಂಡ್ ಅವರು, ಬೆರಳುಗಳು ರೋಗದಿಂದ ತಾವಾಗಿ ಕೊಳೆತು ಉದುರುತ್ತವೆ ಎಂಬ ನಂಬಿಕೆ ತಪ್ಪು, ನೋವು ತಿಳಿಯದೆ ಮತ್ತೆ ಮತ್ತೆ ಪೆಟ್ಟು ಬೀಳುವುದೇ ಕಾರಣ ಎಂದು ತೋರಿಸಿಕೊಟ್ಟರು. ಅಂಥ ಕಾಲುಗಳಿಗೆ ಬಳಸಿದ ಪ್ಲಾಸ್ಟರ್ ಕಟ್ಟು ಮತ್ತು ಮೆತ್ತನೆಯ ಎಂಸಿಆರ್ (ಮೈಕ್ರೋಸೆಲ್ಯುಲರ್ ರಬ್ಬರ್) ಚಪ್ಪಲಿಗಳೇ ಇವತ್ತು ಸಕ್ಕರೆ ಕಾಯಿಲೆಯ ಕಾಲಿಗೂ ನೆರವಾಗುತ್ತಿವೆ.

ಇದು ನಮ್ಮ ಹಳ್ಳಿಗಳವರ ಅಜ್ಞಾನ ಎಂದುಕೊಳ್ಳುವವರಿಗೆ ಒಂದು ಮಾತು. 2003ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಕಾಲಿನ ಹುಣ್ಣಿದ್ದ 20 ಜನರಿಗೆ ಹುಣ್ಣಿನ ಮೇಲೆ ಭಾರ ಬೀಳದಂತೆ ಮಾಡುವ, ಬಿಚ್ಚಿಡಬಹುದಾದ ಬೂಟು ಕೊಟ್ಟು, ಸೊಂಟಕ್ಕೊಂದು, ಬೂಟಿನೊಳಗೆ ಕಾಣದಂತೆ ಇನ್ನೊಂದು ಚಟುವಟಿಕೆ ಅಳೆಯುವ ಸಾಧನ ಇಟ್ಟು ನೋಡಿದರು. ಅವರು ದಿನದಲ್ಲಿ ಓಡಾಡಿದ್ದರಲ್ಲಿ ಬೂಟು ಕಾಲಲ್ಲಿ ಇದ್ದದ್ದು ಸುಮಾರು 28% ಮಾತ್ರ. ನೋವಿನ ಕಾವಲು ಇಲ್ಲದ ಮನುಷ್ಯ ಎಲ್ಲಿದ್ದರೂ ಮರೆಯುತ್ತಾನೆ. ಆ ಕಾವಲಿನ ಕೆಲಸವನ್ನು ನಮ್ಮ ಮಾತು ಮತ್ತು ಮನೆಯವರ ಕಣ್ಣು ಮಾಡಬೇಕಾಗಿದೆ, ಅದೂ ತಿಂಗಳುಗಟ್ಟಲೆ.

ಹಂತ 1: ಮಾತಿಗೆ ಜಾಗ ಮಾಡಿಕೊಳ್ಳಿ

ಸತ್ತ ಚರ್ಮವನ್ನು ಕತ್ತರಿಸುವಾಗ ಬುದ್ಧಿ ಹೇಳಬೇಡಿ. ಆಗ ರೋಗಿಯ ಗಮನವೆಲ್ಲ ನಿಮ್ಮ ಕೈಯಲ್ಲಿರುವ ಕತ್ತರಿಯ ಮೇಲಿರುತ್ತದೆ. ಕಟ್ಟು ಮುಗಿಸಿ, ಕೈಗವಸು ತೆಗೆದು, ಒಂದು ಸ್ಟೂಲು ಎಳೆದುಕೊಂಡು ಅವರ ಕಣ್ಣಿನ ಮಟ್ಟಕ್ಕೆ ಕುಳಿತುಕೊಳ್ಳಿ. ಐದೇ ನಿಮಿಷ ಸಾಕು. ಸಾಲು ಉದ್ದವಿದ್ದಾಗ ಐದು ನಿಮಿಷವೂ ದುಬಾರಿ ಎಂದು ನನಗೆ ಗೊತ್ತು. ಆದರೆ ಒಂದು ಹುಣ್ಣು ಎರಡು ತಿಂಗಳು ಹೆಚ್ಚು ಎಳೆದರೆ ಎಷ್ಟು ಸಲ ಕಟ್ಟು ಕಟ್ಟಬೇಕು ಎಂಬುದನ್ನೂ ಲೆಕ್ಕ ಹಾಕಿ ನೋಡಿ. ವಯಸ್ಸಿಗೆ ತಕ್ಕಂತೆ ಅಮ್ಮ, ಅಣ್ಣ, ಯಜಮಾನರೇ ಎಂದು ಕರೆಯಿರಿ. “ಏನಜ್ಜ, ಮತ್ತೆ ಹಾಳು ಮಾಡ್ಕೊಂಡು ಬಂದ್ಯಾ?” ಎಂಬ ಸಲಿಗೆಯ ಏಕವಚನ ನಮಗೆ ಪ್ರೀತಿಯಾಗಿ ಕಂಡರೂ, ಊರಲ್ಲಿ ನಾಲ್ಕು ಜನರಿಗೆ ನ್ಯಾಯ ಹೇಳುವ ಹಿರಿಯರಿಗೆ ಅದು ಚುಚ್ಚುತ್ತದೆ.

ಹಂತ 2: ಹೇಳುವ ಮೊದಲು ಕೇಳಿ

“ನಡೀಬೇಡಿ ಅಂದಿದ್ದೆ ಅಲ್ವಾ, ನಡೆದ್ರಾ?” ಎಂಬ ಪ್ರಶ್ನೆಗೆ “ಇಲ್ಲ” ಎಂಬ ಸುಳ್ಳಲ್ಲದೆ ಬೇರೆ ಉತ್ತರ ಬರಲಾರದು. ಅದರ ಬದಲು ನಾನು ಹೀಗೆ ಕೇಳುತ್ತೇನೆ: “ಬೆಳಿಗ್ಗೆ ಎದ್ದಾಗಿಂದ ಮಲಗೋವರೆಗೂ ನಿಮ್ಮ ಕಾಲು ಎಲ್ಲೆಲ್ಲಿಗೆ ಹೋಗುತ್ತೆ ಹೇಳಿ ಅಣ್ಣ, ನಾನು ಬರ್ಕೋತೀನಿ.” ಆಗ ಇಡೀ ದಿನ ಬಿಚ್ಚಿಕೊಳ್ಳುತ್ತದೆ: ಐದು ಗಂಟೆಗೆ ಕೊಟ್ಟಿಗೆ, ಹಾಲು ಕರೆದು ಡೈರಿಗೆ, ಮೋಟಾರು ಹಾಕಲು ತೋಟಕ್ಕೆ, ಸಂಜೆ ಅರಳಿಕಟ್ಟೆಗೆ. ಇದರಲ್ಲಿ ಯಾವುದನ್ನು ಬೇರೆಯವರು ಮಾಡಬಹುದು, ಯಾವುದನ್ನು ಕೂತು ಮಾಡಬಹುದು, ಯಾವುದಕ್ಕೆ ಗಾಡಿಯಲ್ಲಿ ಹೋಗಬಹುದು ಎಂಬ ಮಾತು ಆಮೇಲೆ ತಾನಾಗಿ ಬರುತ್ತದೆ. ಪಟ್ಟಿ ಅವರದೇ ಆದ್ದರಿಂದ ದಾರಿಯನ್ನೂ ಹೆಚ್ಚಿನ ಸಲ ಅವರೇ ಹುಡುಕುತ್ತಾರೆ.

ಮನೆಮದ್ದಿನ ವಿಚಾರವನ್ನೂ ಇದೇ ದಾರಿಯಲ್ಲಿ ತಿಳಿದುಕೊಳ್ಳಬೇಕು. “ಎಲ್ಲರೂ ಮನೇಲಿ ಏನಾದ್ರೂ ಹಚ್ಚೇ ಇರ್ತಾರೆ. ನೀವು ಏನು ಹಚ್ಚಿದ್ರಿ?” ಎಂದು ಕೇಳಿದರೆ ಅರಿಶಿನ, ಸುಣ್ಣ, ಹೊಗೆಸೊಪ್ಪಿನ ಪುಡಿ, ಬೇವಿನ ಸೊಪ್ಪು ಹಾಕಿ ಕುದಿಸಿದ ನೀರು ಎಲ್ಲವೂ ಹೊರಗೆ ಬರುತ್ತವೆ. ಬಿಸಿನೀರಿನಲ್ಲಿ ಕಾಲು ಅದ್ದುವುದು ಇವುಗಳಲ್ಲಿ ಹೆಚ್ಚು ಅಪಾಯದ್ದು. ಸ್ಪರ್ಶವಿಲ್ಲದ ಕಾಲಿಗೆ ನೀರಿನ ಬಿಸಿ ತಿಳಿಯುವುದಿಲ್ಲ, ಬೊಬ್ಬೆ ಎದ್ದ ಮೇಲೆಯೇ ಗೊತ್ತಾಗುತ್ತದೆ. “ನಿಮ್ಮ ತಾಯಿ ಹೇಳಿಕೊಟ್ಟ ಮದ್ದು ನೋವು ಗೊತ್ತಾಗೋ ಕಾಲಿಗೆ ಮಾಡಿದ್ದು. ಈ ಕಾಲಿಗೆ ಬಿಸಿ ಗೊತ್ತಾಗಲ್ಲ” ಎಂದರೆ ತಾಯಿಗೂ ಅವಮಾನವಿಲ್ಲ, ವಿಷಯವೂ ಮುಟ್ಟುತ್ತದೆ.

ಹಂತ 3: ಜೋಮನ್ನು ಕಣ್ಣಿಗೆ ಕಾಣುವಂತೆ ಮಾಡಿ

10 ಗ್ರಾಂ ಮಾನೋಫಿಲಮೆಂಟ್ ಎಂಬ ನೈಲಾನ್ ಎಳೆಯನ್ನು ಅಂಗಾಲಿಗೆ ಒತ್ತಿ ಸ್ಪರ್ಶ ಪರೀಕ್ಷಿಸುವುದು ನಮಗೆಲ್ಲ ರೂಢಿ. ಆದರೆ ಅದರ ಫಲಿತಾಂಶ ಕೇಸ್ ಶೀಟಿಗೆ ಹೋಗುತ್ತದೆ, ರೋಗಿಗೆ ಮುಟ್ಟುವುದಿಲ್ಲ. ಮೊದಲು ಅದೇ ಎಳೆಯನ್ನು ಅವರ ಮುಂಗೈಗೆ ಒತ್ತಿ, “ಗೊತ್ತಾಯ್ತಾ?” ಎಂದು ಕೇಳಿ. ಆಮೇಲೆ ಕಣ್ಣು ಮುಚ್ಚಿಸಿ, ಮನೆಯವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಹುಣ್ಣನ್ನು ಬಿಟ್ಟು ಅಂಗಾಲಿನ ಬೇರೆ ಬೇರೆ ಜಾಗಗಳಿಗೆ ಒತ್ತಿ. ಎಳೆ ಬಾಗುವಷ್ಟು ಒತ್ತಿದರೂ ಅಪ್ಪ ಮಾತಾಡದೆ ಕುಳಿತಿರುವುದನ್ನು ನೋಡಿದ ಮಗನ ಮುಖವನ್ನು ನಾನು ಎಷ್ಟೋ ಸಲ ನೋಡಿದ್ದೇನೆ. “ಬೇಕಂತಲೇ ನಡೀತಾರೆ” ಎಂದು ದೂರುತ್ತಿದ್ದವನು ಆಮೇಲೆ ಅಪ್ಪನ ಚಪ್ಪಲಿಯೊಳಗೆ ತಾನೇ ಕೈಹಾಕಿ ನೋಡತೊಡಗುತ್ತಾನೆ. “ನೋವಿಲ್ಲ, ಅಂದ್ರೆ ವಾಸಿಯಾಗಿದೆ” ಎಂಬ ಲೆಕ್ಕ ತಪ್ಪು ಎನ್ನುವುದು ಇಲ್ಲಿ ಒಂದೂ ಮಾತಿಲ್ಲದೆ ತಿಳಿಯುತ್ತದೆ.

ಹಂತ 4: ಒಂದು ಸಲಕ್ಕೆ ಒಂದೇ ಸಲಹೆ, ಮೊದಲನೆಯದು ಭಾರ ಇಳಿಸುವುದು

ಅನ್ನ ಕಡಿಮೆ ಮಾಡಿ, ಬೀಡಿ ಬಿಡಿ, ಇನ್ಸುಲಿನ್ ತಪ್ಪಿಸಬೇಡಿ, ನಡೆಯಬೇಡಿ, ಕಾಲು ನೆನೆಸಬೇಡಿ, ಶುಕ್ರವಾರ ಬನ್ನಿ ಎಂದು ಒಂದೇ ಉಸಿರಿಗೆ ಹೇಳಿದರೆ, ರೋಗಿಗೆ ನೆನಪಿರುವುದು ಶುಕ್ರವಾರ ಮಾತ್ರ. ಅಂಗಾಲಿನ ಹುಣ್ಣಿಗೆ ಮೊದಲ ಭೇಟಿಯಲ್ಲಿ ನಾನು ಆರಿಸಿಕೊಳ್ಳುವುದು ಹುಣ್ಣಿನ ಮೇಲಿನ ಭಾರ ಇಳಿಸುವ ಮಾತನ್ನು. ಸೋಂಕು ತೀವ್ರವಿಲ್ಲದೆ, ರಕ್ತಸಂಚಾರ ಸರಿಯಿದ್ದರೆ, ವೈದ್ಯರು ಮೊಣಕಾಲಿನವರೆಗಿನ, ರೋಗಿಯೇ ಬಿಚ್ಚಲಾಗದ ಕಟ್ಟು ಹಾಕಬಹುದು. ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಪಾದದ ಮುಂಭಾಗ ಮತ್ತು ಮಧ್ಯಭಾಗದ ಇಂಥ ಹುಣ್ಣುಗಳಿಗೆ ಮೊದಲ ಆಯ್ಕೆ ಎನ್ನುವುದೂ ಅದನ್ನೇ. ಅದು ಸಿಗದ ಕಡೆ ವಿಶೇಷ ಚಪ್ಪಲಿ, ಫೆಲ್ಟ್ ಪ್ಯಾಡ್ (ದಪ್ಪ ಬಟ್ಟೆಯ ಮೆತ್ತೆ), ಊರುಗೋಲುಗಳಲ್ಲೇ ನಿಭಾಯಿಸಬೇಕು, ಮಾತಿನ ಕೆಲಸ ಹೆಚ್ಚುವುದೂ ಅಲ್ಲೇ.

“ನಾನು ಹೊರಗೆ ಹೋಗೋದೇ ಇಲ್ಲ” ಎನ್ನುವವರ ಜೊತೆ ಕುಳಿತು ಲೆಕ್ಕ ಹಾಕಿ. ಮಂಚದಿಂದ ಬಚ್ಚಲಿಗೆ 15 ಹೆಜ್ಜೆ, ಹೋಗಿ ಬರಲು 30. ದಿನಕ್ಕೆ ಆರು ಸಲ ಎದ್ದರೆ 180. ಅದರಲ್ಲಿ ಅರ್ಧ ಆ ಕಾಲಿನದು, ಅಂದರೆ ಬಚ್ಚಲಿನ ದಾರಿಯೊಂದರಲ್ಲೇ ಹುಣ್ಣಿನ ಮೇಲೆ ಮೈಭಾರ 90 ಸಲ ಬೀಳುತ್ತದೆ. ಅದೂ ಬರಿಗಾಲಿನಲ್ಲಿ, ಏಕೆಂದರೆ ನಮ್ಮ ಮನೆಗಳಲ್ಲಿ ಚಪ್ಪಲಿ ಹೊಸಿಲ ಆಚೆಗೇ ಉಳಿಯುತ್ತದೆ. ವಿಶೇಷ ಚಪ್ಪಲಿ ಕೊಟ್ಟರೂ ಅದು ಪೇಟೆಗೆ ಹೋಗುವಾಗ ಮಾತ್ರ ಕಾಲೇರುತ್ತದೆ, ಹೆಚ್ಚು ಹೊತ್ತು ಕಳೆಯುವ ಮನೆಯೊಳಗೆ ಕಾಲು ಬರಿದಾಗಿರುತ್ತದೆ. ನಾನು ಕಂಡಂತೆ ಹುಣ್ಣು ಮಾಯದಿರುವುದಕ್ಕೆ ಇದರಷ್ಟು ದೊಡ್ಡ, ಇದರಷ್ಟು ಕಣ್ಣಿಗೆ ಬೀಳದ ಕಾರಣ ಇನ್ನೊಂದಿಲ್ಲ.

“ಮನೆಯೊಳಗೂ ಹಾಕ್ಕೊಳ್ಳಿ” ಎಂದಷ್ಟೇ ಹೇಳಿದರೆ ದೇವರ ಮನೆ, ಅಡುಗೆಮನೆ, ಅತ್ತೆಯವರ ಮುಖ ಎಲ್ಲ ಎದುರಾಗುತ್ತವೆ. ಆದ್ದರಿಂದ ಎರಡು ಜೊತೆ ಚಪ್ಪಲಿಯ ಮಾತಾಡಿ. ಒಂದು ಜೊತೆ ಹೊಸಿಲು ದಾಟಿ ಹೊರಗೆ ಹೋಗುವುದೇ ಇಲ್ಲ, ಮಂಚದ ಕೆಳಗೇ ಇರುತ್ತದೆ, ದಿನಾ ಒರೆಸಿ ಇಡುತ್ತಾರೆ. “ಇದು ಚಪ್ಪಲಿ ಅಂದ್ಕೋಬೇಡಿ ಅಮ್ಮ, ಕಾಲಿಗೆ ಕಟ್ಟೋ ಔಷಧಿ” ಎಂದು ಮನೆಯ ಹಿರಿಯರಿಗೆ ನೀವೇ ಹೇಳಿ. ಸೊಸೆ ಹೇಳಿದರೆ ಜಗಳವಾಗಬಹುದು, ಆಸ್ಪತ್ರೆಯವರು ಹೇಳಿದರೆ ನಡೆಯುತ್ತದೆ.

ದೇವಸ್ಥಾನದ ವಿಷಯದಲ್ಲೂ “ಹೋಗಬೇಡಿ” ಎನ್ನುವ ಅಧಿಕಾರ ನಮಗಿಲ್ಲ ಎಂದೇ ನನ್ನ ಭಾವನೆ. ಬೇಸಿಗೆಯಲ್ಲಿ ಕಾದ ಕಲ್ಲುಚಪ್ಪಡಿಯ ಮೇಲೆ ಪ್ರದಕ್ಷಿಣೆ ಹಾಕಿ ಅಂಗಾಲು ಪೂರ್ತಿ ಸುಲಿದು ಬಂದವರಿದ್ದಾರೆ. ಶಿವರಾತ್ರಿಗೆ ಧರ್ಮಸ್ಥಳಕ್ಕೆ ಬರಿಗಾಲಲ್ಲಿ ಪಾದಯಾತ್ರೆ ಮಾಡುವುದಾಗಿ ಹರಕೆ ಹೊತ್ತವರೂ ಇದ್ದಾರೆ. “ಈ ವರ್ಷ ಕಾಲು ಮಾಯಲಿ, ಹರಕೆಯನ್ನ ಯಾವ ರೀತಿ ತೀರಿಸಬಹುದು ಅಂತ ನಿಮ್ಮ ಅರ್ಚಕರನ್ನ ಕೇಳೋಣವಾ?” ಎಂದಾಗ ಒಪ್ಪದವರು ಕಡಿಮೆ. ಹುಣ್ಣು ಮಾಯ್ದ ಮೇಲೂ ಬೆಳಗಿನ ತಂಪಿನಲ್ಲಿ, ದಪ್ಪ ಕಾಲುಚೀಲ ಹಾಕಿ, ಸ್ವಲ್ಪವೇ ನಡೆದು ಬರುವ ಏರ್ಪಾಡನ್ನು ಮೊದಲೇ ಮಾತಾಡಿಕೊಳ್ಳಿ.

ಹೆಂಗಸರ ಕಾಲಿನಲ್ಲಿ ಇನ್ನೊಂದು ತೊಡಕಿದೆ, ಕಾಲುಂಗುರ. ಬೆರಳು ಊದಿಕೊಂಡಾಗ ಅದು ಒಳಗೇ ಕೊರೆಯುತ್ತದೆ. ತೆಗೆಯಿರಿ ಎಂದರೆ ಮುತ್ತೈದೆಯೊಬ್ಬರಿಗೆ ಅದು ಎಂಥ ಮಾತು ಎಂದು ಯೋಚಿಸಬೇಕು. ನನ್ನ ಬಳಿ ಬರುತ್ತಿದ್ದ ಒಬ್ಬ ತಾಯಿ ಎರಡು ಭೇಟಿಗಳವರೆಗೂ ಒಪ್ಪಲಿಲ್ಲ. ಮೂರನೆಯ ಸಲ ಅವರೇ ಕಾಲುಂಗುರವನ್ನು ತಾಳಿಸರದಲ್ಲಿ ಕೋದುಕೊಂಡು ಬಂದು, “ಮೈಮೇಲೇ ಇದೆಯಲ್ಲ, ಸಾಕು” ಎಂದು ನಕ್ಕರು. ಈ ಉಪಾಯ ನನಗೆ ಹೊಳೆದಿರಲಿಲ್ಲ. ಈಗ ಇತರರಿಗೆ ಅವರ ಕಥೆಯನ್ನೇ ಹೇಳುತ್ತೇನೆ.

ಹಂತ 5: ಹದಿನಾರಾಣೆಯಲ್ಲಿ ಎಷ್ಟಾಣೆ?

ಒಪ್ಪಿದಂತೆ ತಲೆಯಾಡಿಸುವವರ ಮನಸ್ಸು ತಿಳಿಯಲು ಒಂದು ಅಳತೆ ಬೇಕು. ವಿಲಿಯಂ ಮಿಲ್ಲರ್ ಮತ್ತು ಸ್ಟೀಫನ್ ರೋಲ್ನಿಕ್ ಬೆಳೆಸಿದ ಪ್ರೇರಣಾ ಸಂದರ್ಶನದ (ಬದಲಾಗಬೇಕೆಂಬ ಕಾರಣವನ್ನು ರೋಗಿಯ ಬಾಯಿಂದಲೇ ಹೊರಡಿಸುವ ಮಾತುಕತೆಯ) ಪದ್ಧತಿಯಲ್ಲಿ ಹತ್ತಕ್ಕೆ ಎಷ್ಟು ಎಂದು ಕೇಳುವ ರೂಢಿಯಿದೆ. ಹಿರಿಯರಿಗೆ ನಾನು ಆಣೆ ಲೆಕ್ಕದಲ್ಲಿ ಕೇಳುತ್ತೇನೆ: “ಮನೆಯೊಳಗೆ ಚಪ್ಪಲಿ ಹಾಕ್ಕೊಳ್ಳೋದು ಹದಿನಾರಾಣೆಯಲ್ಲಿ ಎಷ್ಟಾಣೆ ಆಗುತ್ತೆ ಅನ್ಸುತ್ತೆ?” “ಎಂಟಾಣೆ” ಎಂದರೆ, “ಉಳಿದ ಎಂಟಾಣೆ ಯಾಕಿಲ್ಲ?” ಎಂದು ಕೇಳಬೇಡಿ. ಹಾಗೆ ಕೇಳಿದರೆ ನೆಪಗಳ ಸಾಲು ಬರುತ್ತದೆ. “ನಾಲ್ಕಾಣೆ ಅನ್ನದೆ ಎಂಟಾಣೆ ಅಂದ್ರಲ್ಲ, ಯಾಕೆ?” ಎಂದು ಕೇಳಿ. ಆಗ ಅವರ ಬಾಯಿಂದಲೇ “ಮಗಳ ಮದುವೆ ಇದೆ, ಅಷ್ಟರಲ್ಲಿ ಓಡಾಡೋ ಹಂಗಾಗಬೇಕು” ಎಂಬಂಥ ಕಾರಣ ಬರುತ್ತದೆ. ಆ ಕಾರಣವನ್ನು ಕಾರ್ಡಿನ ಮೇಲೆ ಬರೆದಿಟ್ಟುಕೊಳ್ಳಿ. ಮುಂದಿನ ಸಲ ಹುಣ್ಣಿನ ಮಾತಿಗಿಂತ ಮೊದಲು ಮದುವೆಯ ತಯಾರಿ ಎಲ್ಲಿಗೆ ಬಂತು ಎಂದು ವಿಚಾರಿಸಿ.

ಹಂತ 6: ಅರ್ಥವಾಯಿತೇ ಎಂದು ತಿಳಿಯುವುದು

“ಗೊತ್ತಾಯ್ತಾ?” ಎಂದರೆ “ಹ್ಞೂಂ” ಎನ್ನುವುದು ಮರ್ಯಾದೆಯ ಉತ್ತರ. ಹೇಳಿದ್ದನ್ನು ಒಪ್ಪಿಸಿ ಎಂದರೆ ಶಾಲೆಯ ಹೆದರಿಕೆ. ನಡುವೆ ಒಂದು ಸಹಜ ದಾರಿಯಿದೆ: “ಮನೆಗೆ ಹೋದ ತಕ್ಷಣ ಡಾಕ್ಟ್ರು ಏನಂದ್ರು ಅಂತ ಕೇಳ್ತಾರಲ್ಲ, ಏನು ಹೇಳ್ತೀರಿ?” ಆ ಉತ್ತರದಲ್ಲಿ ಏನು ಬಿಟ್ಟುಹೋಗಿದೆಯೋ ಅದನ್ನು ನಾವು ಸರಿಯಾಗಿ ಹೇಳಿಲ್ಲವೆಂದು ತಿಳಿದು ಮತ್ತೊಮ್ಮೆ ಹೇಳಿ. ಕಟ್ಟು ಬದಲಿಸುವವರು ಮನೆಯವರಾದರೆ ನಿಮ್ಮೆದುರೇ ಒಮ್ಮೆ ಅವರಿಂದ ಮಾಡಿಸಿ.

ಇನ್ಸುಲಿನ್, ಊಟ, ಬೀಡಿ

ಸೋಂಕಿದ್ದಾಗ ವೈದ್ಯರು ಇನ್ಸುಲಿನ್ ಶುರುಮಾಡಿದರೆ “ಕೊನೆಯ ಹಂತಕ್ಕೆ ಬಂತು” ಎಂದು ಅನೇಕರು ಕುಗ್ಗುತ್ತಾರೆ. ಹುಣ್ಣು ಮಾಯಲು ಸಕ್ಕರೆ ಅಂಶ ಹತೋಟಿಗೆ ಬರಬೇಕಾದ್ದರಿಂದ ಕೊಡುತ್ತಾರೆ, ಸೋಂಕು ಇಳಿದ ಮೇಲೆ ಕೆಲವರಿಗೆ ಮತ್ತೆ ಮಾತ್ರೆಯೇ ಸಾಕಾಗಬಹುದು ಎಂದು ತಿಳಿಸಿ. ಎಲ್ಲರಿಗೂ ಹಾಗೆಂದು ಭರವಸೆ ಮಾತ್ರ ಕೊಡಬೇಡಿ. ರಾಗಿಮುದ್ದೆ ಎಷ್ಟು ತಿಂದರೂ ಶುಗರ್ ಏರುವುದಿಲ್ಲ ಎಂಬ ನಂಬಿಕೆಯಿದೆ, ಅಳತೆ ಮುಖ್ಯ ಎಂದು ಹೇಳಬೇಕು. ಪಥ್ಯದ ಹೆಸರಲ್ಲಿ ಬೇಳೆ, ಮೊಟ್ಟೆ, ಮೊಸರು ಬಿಟ್ಟು ಸೊರಗುವವರೂ ಇದ್ದಾರೆ. ಮೂತ್ರಪಿಂಡದ ತೊಂದರೆ ಇಲ್ಲದಿದ್ದರೆ ಗಾಯ ಕೂಡಿಕೊಳ್ಳಲು ಇವು ಬೇಕು. ಬೀಡಿ ಸಿಗರೇಟಿನ ಮಾತನ್ನು ಒಂದು ಪೂರ್ತಿ ಭೇಟಿಗೆ ಮೀಸಲಿಡಿ.

ಹಂತ 7: ತಪ್ಪಿದಾಗ ಏನು ಹೇಳಬೇಕು?

ಕೆಮ್ಮಣ್ಣಿನ ಬ್ಯಾಂಡೇಜು ಮತ್ತೆ ಬಂದೇ ಬರುತ್ತದೆ. ಈಗ ನಾನು ಅದನ್ನು ಬಿಚ್ಚುವಾಗ, “ಬಂದ್ರಲ್ಲ, ಒಳ್ಳೇದಾಯ್ತು” ಎಂದೇ ಶುರುಮಾಡುತ್ತೇನೆ. ಆಮೇಲೆ, “ಈ ವಾರ ತುಂಬ ಕೆಲಸ ಬಿತ್ತು ಅನ್ಸುತ್ತೆ” ಎಂದು ಸುಮ್ಮನಾಗುತ್ತೇನೆ. ಆ ಮೌನವನ್ನು ತುಂಬಲು ಆತುರಪಡಬೇಡಿ. ಹಸು ಕರು ಹಾಕಿತ್ತು, ಕೂಲಿಗೆ ಹೋಗದಿದ್ದರೆ ಸಂಘದ ಸಾಲದ ಕಂತು ಕಟ್ಟಲಾಗುತ್ತಿರಲಿಲ್ಲ ಎಂಬ ನಿಜ ಆಗ ಬರುತ್ತದೆ. ಕೂಲಿಯ ಕಷ್ಟಕ್ಕೆ ನಮ್ಮ ಮಾತು ಮದ್ದಲ್ಲ; ಆದರೆ ಕೂತು ಮಾಡುವ ಕೆಲಸ ಸಿಗುವುದೇ, ಚಿಕಿತ್ಸೆಯ ಖರ್ಚಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡು ಬಳಸಬಹುದೇ ಎಂದು ವಿಚಾರಿಸಿ ಹೇಳುವುದು ನಮ್ಮಿಂದ ಆಗುವ ಕೆಲಸ.

“ಹಿಂಗೇ ಮಾಡಿದ್ರೆ ಕಾಲು ಕತ್ತರಿಸಬೇಕಾಗುತ್ತೆ” ಎಂಬ ಬೆದರಿಕೆಯನ್ನು ನಾನು ಪೂರ್ತಿ ಬಿಟ್ಟಿದ್ದೇನೆ. ಅಪಾಯವನ್ನು ಮುಚ್ಚಿಡಬೇಕೆಂದು ಇದರ ಅರ್ಥವಲ್ಲ. ಅವರು ಕೇಳಿದಾಗ, ಇಲ್ಲವೇ ಹೇಳಲೇಬೇಕಾದಾಗ, ಒಂಟಿಯಾಗಿ ಕೂರಿಸಿಕೊಂಡು, ಅದನ್ನು ತಪ್ಪಿಸಲು ಇವತ್ತೇ ಮಾಡಬಹುದಾದ ಒಂದು ಕೆಲಸದ ಜೊತೆಗೇ ಸೇರಿಸಿ ಹೇಳಿ. ಬರಿಯ ಹೆದರಿಕೆ ಹೊತ್ತು ಹೋದವರು ಆಸ್ಪತ್ರೆಯ ದಾರಿಯನ್ನೇ ಬಿಡುತ್ತಾರೆ.

ಹೆದರಿಕೆಗಿಂತ ಕಣ್ಣಿಗೆ ಕಾಣುವ ಸುಧಾರಣೆ ಹೆಚ್ಚು ಕೆಲಸ ಮಾಡುತ್ತದೆ. ಪ್ರತಿ ವಾರ ಹುಣ್ಣಿನ ಉದ್ದ ಅಗಲ ಅಳೆದು ಅವರ ಕಾರ್ಡಿನಲ್ಲೇ ಬರೆಯಿರಿ. 4 ಸೆಂಟಿಮೀಟರ್ ಉದ್ದ, 3 ಅಗಲ ಇದ್ದದ್ದು 3 ಮತ್ತು 2 ಆದರೆ, ಗುಣಿಸಿದಾಗ 12 ಇದ್ದದ್ದು 6 ಆಯಿತು ಎಂದು ಲೆಕ್ಕ ಬರದವರಿಗೂ ತಿಳಿಯುತ್ತದೆ. ನಾಲ್ಕು ವಾರದಲ್ಲಿ ಹುಣ್ಣಿನ ವಿಸ್ತೀರ್ಣ ಅರ್ಧಕ್ಕೆ ಇಳಿಯದಿದ್ದರೆ ಚಿಕಿತ್ಸೆಯನ್ನೇ ಮತ್ತೆ ಪರಿಶೀಲಿಸಬೇಕು. ರಕ್ತಸಂಚಾರ, ಮೂಳೆಯ ಸೋಂಕು, ಭಾರ ಇಳಿಸುವ ಸಾಧನ ಇವನ್ನು ನೋಡದೆ ಎಲ್ಲವನ್ನೂ ರೋಗಿಯ ತಲೆಗೆ ಕಟ್ಟುವುದು ಅನ್ಯಾಯ.

ಮನೆಯವರೊಂದಿಗೆ

ರೋಗಿಯ ಎದುರಿಗೇ ಮಗನನ್ನು ಕರೆದು “ನಿಮ್ಮಪ್ಪ ಮಾತು ಕೇಳಲ್ಲ” ಎಂದರೆ, ಮನೆಯಲ್ಲಿ ಆ ಮಾತು ಹತ್ತು ಸಲ ತಿರುಗುತ್ತದೆ. ಪ್ರಶ್ನೆ ಯಾವಾಗಲೂ ರೋಗಿಗೇ ಇರಲಿ. ಮನೆಯವರಿಗೆ ಕೆಲಸ ಹಂಚಿ. ರಾತ್ರಿ ಮಂಚದ ಬಳಿ ನೀರಿನ ಚೊಂಬು ಇಡುವವರು ಒಬ್ಬರು, ಮೊಬೈಲ್ ಬೆಳಕಿನಲ್ಲಿ ಅಂಗಾಲು ನೋಡುವವರು ಒಬ್ಬರು. ಮೊಮ್ಮಕ್ಕಳು ಇದರಲ್ಲಿ ತುಂಬ ಚುರುಕು.

ತಿಂಗಳುಗಟ್ಟಲೆ ಕೂತಲ್ಲೇ ಕೂತವರ ಮನಸ್ಸು ಕುಗ್ಗುವುದನ್ನೂ ಗಮನಿಸಬೇಕು. “ಎರಡು ವಾರದಿಂದ ಬೇಜಾರು, ಯಾವುದರಲ್ಲೂ ಆಸಕ್ತಿ ಇಲ್ಲ ಅನ್ಸುತ್ತಾ?” ಎಂದು ಕೇಳಿ. ಹೌದೆಂದರೆ ವೈದ್ಯರಿಗೆ ತಿಳಿಸಿ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಕರೆ ಮಾಡಬಹುದು. ಹೇಳಿದ್ದನ್ನು ಕೇಳುವುದಿಲ್ಲ ಎಂದು ನಾವು ದೂರುವ ಎಷ್ಟೋ ಮಂದಿ ನಿಜಕ್ಕೂ ಖಿನ್ನತೆಯಲ್ಲಿರುತ್ತಾರೆ.

ಕಾಯಬಾರದ ಲಕ್ಷಣಗಳು

ಇಲ್ಲಿ ಮಾತ್ರ ನಯವಾದ ಮಾತು ಬೇಡ, ಸ್ಪಷ್ಟವಾಗಿ ಹೇಳಿ. ಹುಣ್ಣಿನ ಸುತ್ತ ಕೆಂಪು ಹರಡಿದರೆ, ಕಾಲು ಊದಿದರೆ, ಕೀವು ಅಥವಾ ಕೆಟ್ಟ ವಾಸನೆ ಬಂದರೆ, ಬೆರಳು ಕಪ್ಪಾದರೆ ಅಥವಾ ತಣ್ಣಗಾದರೆ, ಚಳಿಜ್ವರ ಬಂದರೆ, ಶುಗರ್ ಇದ್ದಕ್ಕಿದ್ದಂತೆ ಏರಿದರೆ ಮುಂದಿನ ಶುಕ್ರವಾರಕ್ಕೆ ಕಾಯಬೇಡಿ, ಅಂದೇ ಆಸ್ಪತ್ರೆಗೆ ಬನ್ನಿ, ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ ಎಂದು ಬರೆದುಕೊಡಿ. “ರಾತ್ರಿ ಬಂದ್ರೂ ಯಾರೂ ಬೈಯಲ್ಲ” ಎಂಬ ಮಾತನ್ನೂ ಸೇರಿಸಿ.

ಹುಣ್ಣು ಮಾಯ್ದ ಮೇಲೆ

ಮಾಯ್ದ ದಿನ ಎಲ್ಲರಿಗೂ ಸಂತೋಷ, ವಿಶೇಷ ಚಪ್ಪಲಿ ಅಟ್ಟ ಸೇರುತ್ತದೆ. ಆದರೆ ಮಾಯ್ದ ಒಂದು ವರ್ಷದೊಳಗೆ ಸುಮಾರು 40% ಜನರಿಗೆ, ಐದು ವರ್ಷದೊಳಗೆ ಸುಮಾರು 65% ಜನರಿಗೆ ಹುಣ್ಣು ಮತ್ತೆ ಏಳುತ್ತದೆಂದು ಅಧ್ಯಯನಗಳು ಹೇಳುತ್ತವೆ. ಅದರಿಂದ ಕೊನೆಯ ಕಟ್ಟು ಬಿಚ್ಚುವ ದಿನವೇ ಮುಂದಿನ ಪರೀಕ್ಷೆಯ ದಿನಾಂಕ ಬರೆದುಕೊಡಬೇಕು. ಒಂದರಿಂದ ಮೂರು ತಿಂಗಳಿಗೊಮ್ಮೆ ಕಾಲು ತೋರಿಸಬೇಕು. ಆಣಿ ಕಟ್ಟಿದರೆ ಬ್ಲೇಡಿನಿಂದ ತಾವೇ ಕೆತ್ತಿಕೊಳ್ಳದೆ ನಮ್ಮಲ್ಲಿಗೆ ಬರಬೇಕು. ದಿನಾ ರಾತ್ರಿ ನೆಲದ ಮೇಲೆ ಕನ್ನಡಿಯಿಟ್ಟು ಅಂಗಾಲು ನೋಡಿಕೊಳ್ಳಬೇಕು, ಬೆರಳ ಸಂದುಗಳನ್ನು ಒರೆಸಿ ಒಣಗಿಸಬೇಕು.

ಚಪ್ಪಲಿಯ ಅಭ್ಯಾಸವೊಂದನ್ನು ನಾನು ಬರೀ ಬಾಯಲ್ಲಿ ಹೇಳಿ ಸುಮ್ಮನಾಗುವುದಿಲ್ಲ, ಅಲ್ಲೇ ಮಾಡಿಸುತ್ತೇನೆ. ಹೊರಡುವ ಮೊದಲು ಬಾಗಿಲ ಬಳಿ ಎರಡೂ ಚಪ್ಪಲಿಗಳನ್ನು ಕೈಗೆತ್ತಿಕೊಂಡು, ಬುಡಮೇಲು ಮಾಡಿ ಕೊಡವಿ, ಒಳಗಿನಿಂದ ಬೆರಳಾಡಿಸಿ, ಅಟ್ಟೆಯ ಕೆಳಗೂ ಸವರಿ ನೋಡಬೇಕು. ಹೀಗೆ ಮಾಡಿಸುವಾಗಲೇ ಒಮ್ಮೆ, ಆಸ್ಪತ್ರೆಯ ಮೆಟ್ಟಿಲ ಮೇಲೆ, ಹವಾಯಿ ಚಪ್ಪಲಿಯ ಅಟ್ಟೆಯನ್ನು ತೂರಿ ಒಳಗೆ ತುದಿ ಚಾಚಿದ್ದ ಗಿಡ್ಡ ಮೊಳೆಯೊಂದು ಸಿಕ್ಕಿತು. ಆ ಮೊಳೆಯ ಮೇಲೆ ಆ ಅಣ್ಣ ಬಸ್‌ಸ್ಟ್ಯಾಂಡಿನಿಂದ ನಮ್ಮ ಬಾಗಿಲವರೆಗೂ ನಡೆದುಕೊಂಡು ಬಂದಿದ್ದರು.